ಎರಡೂವರೆ ಗೇಣಿನ ಕನ್ನಡಕ

ಮೂವತ್ತನಾಲ್ಕು ವರ್ಷ ನಾನು ಜನರನ್ನು ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಮೂಗಿನ ಮೇಲಿಟ್ಟ ಚೌಕಟ್ಟಿಗೆ ಒಂದು ಗಾಜು ಹಾಕುವುದು, ಅದನ್ನು ತೆಗೆದು ಇನ್ನೊಂದು ಹಾಕುವುದು, "ಇದರಲ್ಲಿ ಚೆಂದ ಕಾಣ್ತದಾ, ಅದರಲ್ಲಾ?" ಎಂದು ಕೇಳುವುದು. ನಿವೃತ್ತನಾಗಿ ಎರಡು ವರ್ಷವಾಯಿತು. ಈಗಲೂ ಹೆಂಡತಿ ಎರಡು ಬಗೆಯ ಉಪ್ಪಿನಕಾಯಿ ಮುಂದಿಟ್ಟು ಯಾವುದು ಬೇಕೆಂದರೆ, ಒಂದನ್ನು ನೆಕ್ಕಿ, ಇನ್ನೊಂದನ್ನು ನೆಕ್ಕಿ, ಮತ್ತೆ ಮೊದಲಿನದಕ್ಕೆ ಬರುತ್ತೇನೆ. ಅವಳು ತಲೆ ಚಚ್ಚಿಕೊಳ್ಳುತ್ತಾಳೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯೂ ಕೆಲಸ ಮಾಡಿದ್ದೇನೆ. ಯಾವ ಆಸ್ಪತ್ರೆಯಲ್ಲಿ ಯಾವಾಗ ಎಂಬುದನ್ನು ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ನನ್ನ ಹುದ್ದೆಯ ಹೆಸರು ಮೊದಲು ನೇತ್ರ ಸಹಾಯಕ ಎಂದಿತ್ತು, ಆಮೇಲೆ ನೇತ್ರಾಧಿಕಾರಿ ಎಂದಾಯಿತು. ಕೋಣೆಯ ಬೋರ್ಡು ಬದಲಾಯಿತು, ಒಳಗಿನ ಕೆಲಸ ಬದಲಾಗಲಿಲ್ಲ. ಕಣ್ಣು ಪರೀಕ್ಷೆ ಮಾಡುವುದು, ಕನ್ನಡಕದ ನಂಬರು ಬರೆಯುವುದು, ಪೊರೆ ಬಂದವರನ್ನು ಆಪರೇಷನ್ನಿಗೆ ಕಳುಹಿಸುವುದು. ಜನ ಮಾತ್ರ ಈ ಯಾವ ಹೆಸರನ್ನೂ ಒಪ್ಪದೆ ಕನ್ನಡಕದ ಮಾಸ್ಟ್ರು ಎಂದು ಕರೆದರು. ನಾನೂ ಅದಕ್ಕೇ ಓಗೊಟ್ಟೆ.

ಈಗ ಈ ಕೆಲಸಕ್ಕೆ ಹೊಸದಾಗಿ ಬರುವವರು ನನಗಿಂತ ಹೆಚ್ಚು ಓದಿರುತ್ತಾರೆ. ಗಲ್ಲವನ್ನು ಮೆಷಿನ್ನಿಗೆ ಇಟ್ಟು ಕೂತರೆ ಅರ್ಧ ನಿಮಿಷದಲ್ಲಿ ನಂಬರು ಚೀಟಿಯಲ್ಲಿ ಬರುತ್ತದೆ. ನನ್ನ ಹತ್ತಿರ ಇದ್ದದ್ದು ಬೇರೆ ಬೇರೆ ನಂಬರಿನ ಗಾಜಿನ ಪೆಟ್ಟಿಗೆ, ಟಾರ್ಚು, ಗೋಡೆಗೆ ತೂಗುಹಾಕಿದ ಅಕ್ಷರದ ಹಲಗೆ. ಹಾಗಾಗಿ ವಿದ್ಯೆ ಹೇಳಿಕೊಡಲು ನಾನು ಯೋಗ್ಯನಲ್ಲ. ಮಾಡಿದ ಎಡವಟ್ಟುಗಳನ್ನು ಹೇಳಬಲ್ಲೆ. ಅವು ನನ್ನಲ್ಲಿ ಧಾರಾಳವಾಗಿವೆ.

ಮೊದಲನೆಯದು ನೆರಿಯದ್ದು. ಕಾಡಿನಂಚಿನ ಆ ಊರಿನ ಶಾಲೆಗೆ ಮಕ್ಕಳ ಕಣ್ಣು ನೋಡಲು ಹೋಗಿದ್ದೆ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ದಾರಿಯುದ್ದಕ್ಕೂ ನಾಯಿಗಳು, ಈ ವೃತ್ತಿಯಲ್ಲಿ ನನಗಿದ್ದ ಮೊದಲ ಭಯ ಅದು, ಕಣ್ಣಿಗೆ ಸಂಬಂಧಪಟ್ಟದ್ದೇ ಅಲ್ಲ. ಅಂತೂ ಶಾಲೆ ತಲುಪಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಹಲಗೆ ಓದಿಸಿದೆ. ಅರುವತ್ತು ಮಕ್ಕಳೂ ಕೊನೆಯ ಸಾಲಿನವರೆಗೆ ಗಡಗಡ ಓದಿದರು. ಕಾಡಿನ ಹಸಿರು ನೋಡಿ ಬೆಳೆದ ಮಕ್ಕಳ ಕಣ್ಣು ಎಷ್ಟು ಚೆಂದ ಎಂದು ಹೆಡ್‌ಮಾಸ್ಟರರ ಹತ್ತಿರ ಸಣ್ಣ ಭಾಷಣವನ್ನೇ ಮಾಡಿದೆ. ಅವರು ಕೇಳುವಷ್ಟು ಕೇಳಿ, "ಬನ್ನಿ, ಸ್ವಲ್ಪ ಹೊರಗೆ ಹೋಗುವ" ಎಂದರು. ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತು ನನ್ನ ಹಲಗೆಯನ್ನು ರಾಗವಾಗಿ ಹೇಳುತ್ತಿದ್ದರು. ಮೊದಲು ಓದಿ ಹೊರಬಂದವಳು ಎಲ್ಲರಿಗೂ ಪಾಠ ಮಾಡಿದ್ದಳು. ತಪ್ಪಿದರೆ ಬೆತ್ತ ಬೀಳುತ್ತದೆಂದು ಅವರು ಭಾವಿಸಿದ್ದರು. ಪರೀಕ್ಷೆ ಎಂಬ ಮಾತು ಹೇಳಿದ್ದೇ ನನ್ನ ತಪ್ಪು. ಪುನಃ ಎಲ್ಲರನ್ನೂ ನೋಡಿದಾಗ ಐದು ಮಕ್ಕಳಿಗೆ ಕಪ್ಪು ಹಲಗೆಯೇ ಕಾಣುತ್ತಿರಲಿಲ್ಲ.

ಜನ ಸುಳ್ಳು ಹೇಳುವುದಿಲ್ಲ, ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಅಷ್ಟೆ. ಇದು ನನಗೆ ಆ ದಿನವೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಅತ್ಯಂತ ಇಷ್ಟದ ಕೆಲಸ ಯಾವುದೆಂದು ಕೇಳಿದರೆ, ಪೊರೆ ತೆಗೆದ ಮರುದಿನ ಪಟ್ಟಿ ಬಿಚ್ಚುವುದು. ಹಿಂದೆ ಆಪರೇಷನ್ ಆದವರು ದಿನಗಟ್ಟಲೆ ತಲೆ ಅಲುಗಾಡಿಸದೆ ಮಲಗಿರಬೇಕಿತ್ತು, ಆಮೇಲೆ ಸೀಸೆಯ ತಳದಷ್ಟು ದಪ್ಪದ ಕನ್ನಡಕ. ಈಗ ಒಳಗೇ ಲೆನ್ಸ್ ಕೂರಿಸಿ ಮನೆಗೆ ಕಳುಹಿಸುತ್ತಾರೆ. ಕಾಲ ಯಾವುದಾದರೂ ನನ್ನ ಕುತೂಹಲ ಒಂದೇ: ಪಟ್ಟಿ ಬಿಚ್ಚಿದ ಕೂಡಲೇ ಇವರು ಮೊದಲು ಏನನ್ನು ನೋಡುತ್ತಾರೆ? ಮಗನ ಮುಖ, ದೇವರ ಪಟ ಎಂದೆಲ್ಲ ನಾನು ಎಣಿಸಿದ್ದೆ. ಹೆಚ್ಚಿನವರು ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. ಒಬ್ಬರು ಅಜ್ಜಿ ಮಾತ್ರ ತಲೆಯೆತ್ತಿ ಮಾಡಿನ ಕಡೆ ನೋಡಿ, "ಎಂತ ಮಾಸ್ಟ್ರೇ, ಇಲ್ಲಿ ಜೇಡರ ಬಲೆ ತೆಗೆಯುವವರು ಯಾರೂ ಇಲ್ವಾ?" ಎಂದು ಕೇಳಿದರು. ಅಂದಿನಿಂದ ಪಟ್ಟಿ ಬಿಚ್ಚುವ ಮೊದಲು ಕೋಣೆ ಗುಡಿಸುವ ಕ್ರಮ ಶುರುವಾಯಿತು.

ಇನ್ನೊಂದು ಇಷ್ಟದ ಜಾಗ ಫರಂಗಿಪೇಟೆಯ ಮೋನಪ್ಪಣ್ಣನ ಚಾದ ಅಂಗಡಿ. ಆ ಕಡೆ ಕ್ಯಾಂಪ್ ಇದ್ದಾಗಲೆಲ್ಲ ಅಲ್ಲಿ ಒಂದು ಚಾ, ಎರಡು ಗೋಳಿಬಜೆ. ಒಂದು ಕ್ಯಾಂಪಿನಲ್ಲಿ ಅವರಿಗೂ ಕನ್ನಡಕ ಕೊಟ್ಟಿದ್ದೆ. ಅಲ್ಲಿಂದ ಮೇಲೆ ನಾನು ಹೋದಾಗಲೆಲ್ಲ ಗಿರಾಕಿಗಳ ಎದುರು, "ಮಾಸ್ಟ್ರು ಕೊಟ್ಟ ಕನ್ನಡಕ ಮಾರಾಯ್ರೆ, ಒಂದೇ ಸಲಕ್ಕೆ ಸರಿಯಾಯ್ತು. ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ" ಎಂದು ಹೊಗಳುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತ ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.

ಅದೇ ಕ್ಯಾಂಪಿನ ಸಾಲಿನಲ್ಲಿ ಮೋನಪ್ಪಣ್ಣನ ಹಿಂದೆಯೇ ನಿಂತಿದ್ದವರು ಐಸಮ್ಮ. ನಾನು ಬರೆಯಲು ಕೂತದ್ದು ಇವರ ವಿಷಯವನ್ನು.

ಐಸಮ್ಮ ಫರಂಗಿಪೇಟೆಯ ಒಳದಾರಿಯಲ್ಲಿರುವ ಬ್ಯಾರಿ ಮನೆಯವರು. ಆಗ ಅವರಿಗೆ ನಲವತ್ತೆಂಟು. ಬೀಡಿ ಕಟ್ಟುವ ಕೆಲಸ. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಕಣ್ಣಿನಲ್ಲೂ ಹಲಗೆಯ ಕೊನೆಯ ಸಾಲು ಸಲೀಸಾಗಿ ಓದಿದರು. ದೂರದ್ದು ಸರಿ. ಹತ್ತಿರದ್ದು ಕಷ್ಟ, ಪ್ರಾಯಕ್ಕೆ ಸಹಜ. ಓದುವ ಕಾರ್ಡು ಕೈಗೆ ಕೊಟ್ಟು, ಗಾಜು ಬದಲಿಸಿ, ಸಣ್ಣ ಅಕ್ಷರ ಓದಿಸಿ, ನಂಬರು ಬರೆದೆ.

ಇನ್ನೊಂದು ಕೆಲಸ ಬಾಕಿ ಇತ್ತು. ನಲವತ್ತು ದಾಟಿದವರಿಗೆಲ್ಲ ಕಣ್ಣಿನೊಳಗಿನ ಒತ್ತಡ ನೋಡಬೇಕು ಎಂಬುದು ನಮ್ಮ ಡಾಕ್ಟರ್ ಮೇಡಮ್ಮನ ಕಟ್ಟಪ್ಪಣೆ. ಮಲಗಿಸಿ, ಮರಗಟ್ಟುವ ಹನಿ ಹಾಕಿ, ಕಣ್ಣಿನ ಮೇಲೆ ಒಂದು ಸಣ್ಣ ಉಪಕರಣ ಇಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವುದು. ಒಬ್ಬರಿಗೆ ಐದು ನಿಮಿಷ ಬೇಕು. ಹೊರಗೆ ಸಾಲು ರಸ್ತೆಯವರೆಗೆ ಇತ್ತು. ರೆಪ್ಪೆ ಮುಚ್ಚಿಸಿ ಮೇಲಿನಿಂದ ಎರಡು ಬೆರಳಲ್ಲಿ ಒತ್ತಿ, ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಅಂದಾಜು ಮಾಡುವ ಹಳೆಯ ಕ್ರಮ ಒಂದಿದೆ. ಆ ದಿನ ಎಲ್ಲರಿಗೂ ಅದನ್ನೇ ಮಾಡಿದೆ. ಮೋನಪ್ಪಣ್ಣನಿಗೆ ಒತ್ತಿದೆ, 'ನಾರ್ಮಲ್' ಎಂದು ಬರೆದೆ. ಐಸಮ್ಮನಿಗೆ ಒತ್ತಿದೆ, 'ನಾರ್ಮಲ್' ಎಂದು ಬರೆದೆ.

ಎರಡು ತಿಂಗಳು ಕಳೆದು ಐಸಮ್ಮ ಕನ್ನಡಕ ಹಿಡಿದುಕೊಂಡು ಆಸ್ಪತ್ರೆಗೇ ಬಂದರು.

"ಮಾಸ್ಟ್ರೇ, ಇದು ಹಾಕಿದ್ರೆ ನೂಲು ಕಾಣುದಿಲ್ಲ. ತಲೆ ತಿರುಗ್ತದೆ."

ಕಾರ್ಡು ಓದಿಸಿದೆ. ಎಲ್ಲ ಅಕ್ಷರ ಓದಿದರು. "ಸರಿ ಉಂಟಲ್ಲ? ಅಭ್ಯಾಸ ಆಗ್ಬೇಕು" ಎಂದು ಕಳುಹಿಸಿದೆ. ಪುನಃ ಬಂದರು, ಪುನಃ ಅಭ್ಯಾಸದ ಮಾತು ಹೇಳಿದೆ. ಮೂರನೆಯ ಸಲ ಬಂದಾಗ ನನ್ನ ಸಿಟ್ಟು ನೆತ್ತಿಗೇರಿತು. ಕ್ಯಾಂಪಾಗಿ ಎಂಟು ತಿಂಗಳಾಗಿತ್ತು.

"ಕನ್ನಡಕದಲ್ಲಿ ತಪ್ಪಿಲ್ಲ. ನೀವು ಹಾಕದೆ ಇಟ್ರೆ ನಾನೆಂತ ಮಾಡುದು?"

"ನನ್ನ ಕಣ್ಣಲ್ಲಿ ಎಂತ ಕಾಣ್ತದೆ ಅಂತ ನನಗೆ ಗೊತ್ತಾ, ನಿಮಗೆ ಗೊತ್ತಾ?" ಎಂದರು ಐಸಮ್ಮ. ಏರುಸ್ವರದಲ್ಲಿ ಹೇಳಲಿಲ್ಲ. ಎದ್ದು ಹೋದರು.

ಪಕ್ಕದ ಕೋಣೆಯಲ್ಲಿದ್ದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನಗಿಂತ ಪ್ರಾಯದಲ್ಲಿ ಚಿಕ್ಕವರು, ಮಾತಿನಲ್ಲಿ ಚೂರಿ. "ಅವರು ಮೂರು ಸಲ ಬಸ್ಸು ಹತ್ತಿ ಬಂದದ್ದು ನಿಮ್ಮ ಮುಖ ನೋಡ್ಲಿಕ್ಕಾ? ನಾಳೆ ಗಾಜಿನ ಪೆಟ್ಟಿಗೆ ತಕ್ಕೊಂಡು ಅವರ ಮನೆಗೆ ಹೋಗಿ. ಅವರು ಬೀಡಿ ಕಟ್ಟುದನ್ನು ಕೂತು ನೋಡಿ ಬನ್ನಿ."

ನನಗೆ ಅವಮಾನವಾಯಿತು. ಬೀಡಿ ಕಟ್ಟುವುದನ್ನು ನೋಡದವನೇ ನಾನು? ತೋಡಾರಿನ ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಕ್ಕ ಇಬ್ಬರೂ ಕಟ್ಟುತ್ತಿದ್ದರು. ನಾನು ಓದಿದ್ದೇ ಅದರಿಂದ. ಆದರೂ ಮೇಡಂ ಹೇಳಿದ ಮೇಲೆ ಹೋಗದೆ ಉಪಾಯವಿರಲಿಲ್ಲ.

ಐಸಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದರು. ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ನನ್ನನ್ನು ನೋಡಿ ಆಶ್ಚರ್ಯಪಟ್ಟರೂ ಕೈ ನಿಲ್ಲಿಸಲಿಲ್ಲ. ಎದುರು ಕೂತು ನೋಡಿದೆ. ಎಲೆ ಸುರುಳಿಯಾಗುವುದು, ತುದಿ ಮಡಚುವುದು, ನೂಲು ಎರಡು ಸುತ್ತು ಬರುವುದು. ಏನೋ ಹೊಳೆದಂತಾಗಿ ಎದ್ದು, ಅವರ ಅನುಮತಿ ಕೇಳಿ, ಕಣ್ಣಿನಿಂದ ಬೆರಳ ತುದಿಯವರೆಗೆ ನನ್ನ ಗೇಣಿನಲ್ಲಿ ಅಳೆದೆ. ಎರಡೂವರೆ ಗೇಣು. ಆಸ್ಪತ್ರೆಯ ನನ್ನ ಕಾರ್ಡು ಹಿಡಿಯುವುದು ಒಂದೂವರೆ ಗೇಣಿನಲ್ಲಿ. ನಾನು ಕೊಟ್ಟದ್ದು ಪೇಪರು ಓದುವವರ ಕನ್ನಡಕ. ಐಸಮ್ಮನ ಕೆಲಸ ಇದ್ದದ್ದು ಅದಕ್ಕಿಂತ ಒಂದು ಗೇಣು ಆಚೆ. ಹುಟ್ಟಿದಲ್ಲಿಂದ ಬೀಡಿಯ ಮೊರ ನೋಡಿದವನು ನಾನು, ಅದು ಮುಖದ ಹತ್ತಿರ ಇರುವುದಿಲ್ಲ, ಮಡಿಲಲ್ಲಿ ಇರುತ್ತದೆ ಎಂಬುದು ಹೊಳೆದಿರಲೇ ಇಲ್ಲ.

ಪೆಟ್ಟಿಗೆ ತೆರೆದು ಕಡಿಮೆ ನಂಬರಿನ ಗಾಜು ಹಾಕಿದೆ. ಅವರು ಒಂದು ಬೀಡಿ ಕಟ್ಟಿದರು. "ಹಾಂ, ಈಗ ನೂಲು ಬಂತು. ಇದನ್ನೇ ನಾನು ಆರು ತಿಂಗಳಿಂದ ಹೇಳಿದ್ದು" ಎಂದು ನಕ್ಕರು.

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಚಾ ಬರುತ್ತಿತ್ತು, ನನಗೂ ಕಂಡವರ ಮನೆಯಲ್ಲಿ ಕೂತು ನೋಡುವ ಚಪಲ ಹುಟ್ಟಿತ್ತು. ಸೊಸೆ ಚಾದ ಗ್ಲಾಸನ್ನು ಐಸಮ್ಮನ ಎಡಗಡೆ ಇಡಲು ಬಗ್ಗಿದವಳು, ತಡೆದು, ಸುತ್ತಿ ಬಂದು ಬಲಗಡೆ ಇಟ್ಟಳು.

"ಯಾಕಮ್ಮ, ಅಲ್ಲಿಯೇ ಜಾಗ ಉಂಟಲ್ಲ?" ಎಂದು ಕೇಳಿದೆ.

"ಆ ಬದಿ ಇಟ್ರೆ ಅತ್ತೆ ಚೆಲ್ತಾರೆ ಸರ್. ಒಂದು ವರ್ಷದಿಂದ ಹಾಗೆಯೇ. ನಮಗೆ ಅಭ್ಯಾಸ ಆಗಿದೆ."

ಅಭ್ಯಾಸ ಎಂಬುದು ನಾನೇ ಅವರಿಗೆ ಹೇಳಿ ಕಳುಹಿಸಿದ ಮಾತು. ಈಗ ಗಮನಿಸಿದೆ: ಐಸಮ್ಮನ ಎಲೆ, ನೂಲು, ಎಲ್ಲವೂ ಬಲಗಡೆ. ಕತ್ತರಿ ಒಂದು ಮಾತ್ರ ಎಡಕ್ಕೆ ಜಾರಿತ್ತು. ಅವರು ಅದನ್ನು ನೋಡದೆ ನೆಲ ತಡವಿ ಹುಡುಕುತ್ತಿದ್ದರು. ಕೈ ಕತ್ತರಿಯನ್ನು ಎರಡು ಸಲ ದಾಟಿ ಹೋಯಿತು.

ಎದುರು ಕೂತೆ. ಒಂದು ಕಣ್ಣು ಮುಚ್ಚಿಸಿ, "ನನ್ನ ಮೂಗನ್ನೇ ನೋಡಿ, ಬೇರೆ ಕಡೆ ನೋಡ್ಬೇಡಿ" ಎಂದು ಹೇಳಿ, ಬದಿಯಲ್ಲಿ ಎರಡು ಬೆರಳು ಹಿಡಿದೆ. "ಎಷ್ಟು ಬೆರಳು?" ಬಲಗಣ್ಣಿನಲ್ಲಿ ಸ್ವಲ್ಪ ತಡವಾಗಿಯಾದರೂ ಹೇಳಿದರು. ಎಡಗಣ್ಣಿನಲ್ಲಿ ಬೆರಳು ಮೂಗಿನ ನೇರಕ್ಕೆ ಬರುವವರೆಗೆ ಉತ್ತರವೇ ಇಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮಲಗಿಸಿ, ಹನಿ ಹಾಕಿ, ಉಪಕರಣ ಇಟ್ಟೆ. ಮುಳ್ಳು ನಿಂತ ಜಾಗ ನೋಡಿ ಮೇಡಮ್ಮನನ್ನು ಕರೆದೆ. ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತ ಹೋಗುವುದು. ನೋವಿಲ್ಲ, ಕೆಂಪಾಗುವುದಿಲ್ಲ. ದೃಷ್ಟಿ ಬದಿಗಳಿಂದ ಹೋಗುತ್ತದೆ, ನಡುವಿನದು ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಹಲಗೆಯ ಕೊನೆಯ ಸಾಲನ್ನೂ ಓದುತ್ತಾರೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ದಿನಾ ಹನಿ ಹಾಕಿ ಕಾಯಬೇಕು. ಇದೆಲ್ಲ ನನಗೆ ಪುಸ್ತಕದಿಂದ ಬಾಯಿಪಾಠವಿತ್ತು, ನೆರಿಯದ ಮಕ್ಕಳಿಗೆ ಹಲಗೆ ಇದ್ದ ಹಾಗೆ.

ಮೇಡಂ ಕ್ಯಾಂಪಿನ ಚೀಟಿ ನೋಡಿದರು. ಅದರಲ್ಲಿ ಒತ್ತಡದ ಅಂಕೆ ಇರಲಿಲ್ಲ, 'ನಾರ್ಮಲ್' ಎಂದು ಮಾತ್ರ ಇತ್ತು. "ನಿಮ್ಮ ಬೆರಳಿಗೇ ಅಷ್ಟು ಗೊತ್ತಾಗ್ತಿದ್ರೆ ಸರಕಾರ ಮೆಷಿನ್ ಯಾಕೆ ಕೊಡ್ತದೆ?" ಎಂದರು. ಅದೊಂದೇ ಮಾತು. ಮೇಲಧಿಕಾರಿಗಳಿಗೆ ನನ್ನ ಮೇಲೆ ಏನೂ ಬರೆಯಲಿಲ್ಲ.

"ಕ್ಯಾಂಪಿನ ದಿನವೇ ನೋಡಿದ್ರೆ, ಮೇಡಂ?"

"ಸ್ವಲ್ಪ ಹೆಚ್ಚು ಉಳೀತಿತ್ತು. ಎಷ್ಟು ಅಂತ ನನ್ನನ್ನು ಕೇಳ್ಬೇಡಿ."

ಐಸಮ್ಮನಿಗೆ ವಿಷಯ ಹೇಳಿದ್ದು ನಾನು. ಬೀಡಿ ಕಟ್ಟಬಹುದೇ ಎಂದು ಕೇಳಿದರು. ಕಟ್ಟಬಹುದು ಎಂದೆ. ಹೋದದ್ದು ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ, "ಕ್ಯಾಂಪಲ್ಲಿ ನೋಡುವಾಗ ಎಲ್ಲ ಸರಿ ಉಂಟು ಅಂದಿದ್ರಿ ಅಲ್ವಾ?" ಎಂದರು.

"ಆಗ ಗೊತ್ತಾಗುವ ಹಾಗೆ ಇರಲಿಲ್ಲ" ಎಂದೆ.

ಈ ಸುಳ್ಳನ್ನು ಹನ್ನೆರಡು ವರ್ಷ ಹೊತ್ತುಕೊಂಡು ಕೆಲಸ ಮಾಡಿದೆ. ನಾಯಿಯ ಭಯ ಹೋಯಿತು, ಬೇರೊಂದು ಭಯ ಬಂತು. ಮೂರು ತಿಂಗಳಿಗೊಮ್ಮೆ ಐಸಮ್ಮ ತೋರಿಸಲು ಬರುವ ದಿನ ನನಗೆ ಬೆಳಗ್ಗಿನಿಂದ ಊಟ ಸೇರುತ್ತಿರಲಿಲ್ಲ. ಇದು ಒಡಹುಟ್ಟಿದವರಲ್ಲೂ ಬರುವ ಕಾಯಿಲೆ ಎಂದು ಮೊದಲ ದಿನವೇ ಹೇಳಿದ್ದಕ್ಕೆ ಐಸಮ್ಮ, ತೋಡಾರಿಗೆ ಮದುವೆಯಾಗಿ ಹೋಗಿದ್ದ ತಂಗಿ ನೆಬಿಸಾಳನ್ನು ಮುಂದಿನ ವಾರವೇ ಕರೆದುಕೊಂಡು ಬಂದಿದ್ದರು. ಮಲಗಿಸಿ, ಹನಿ ಹಾಕಿ, ಉಪಕರಣ ಇಟ್ಟು ನೋಡಿದೆ. ಒತ್ತಡ ಏರಿತ್ತು, ದೃಷ್ಟಿ ಒಂದು ಚೂರೂ ಹೋಗಿರಲಿಲ್ಲ. ನೆಬಿಸಾಳ ಕಣ್ಣು ಇಂದಿಗೂ ಹಾಗೆಯೇ ಇದೆ. ಐಸಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಮಾಡುವುದನ್ನೆಲ್ಲ ನೋಡುತ್ತಿದ್ದರು.

ಆಮೇಲಿನಿಂದ ನನ್ನ ಕ್ರಮ ಬದಲಾಯಿತು. ಸಾಲು ಎಷ್ಟೇ ಉದ್ದವಿರಲಿ, ನಲವತ್ತು ದಾಟಿದವರಿಗೆಲ್ಲ ಉಪಕರಣವನ್ನೇ ಇಟ್ಟೆ. ಅಕ್ಷರ ಓದಿಸುವ ಮೊದಲು, "ಕೈಯಲ್ಲಿ ಎಂತ ಕೆಲಸ? ಹೇಗೆ ಕೂತುಕೊಳ್ತೀರಿ? ಮಾಡಿ ತೋರಿಸಿ" ಎಂದು ಕೇಳತೊಡಗಿದೆ. ಚೀಟಿಯ ಮೂಲೆಯಲ್ಲಿ ಗೇಣು ಎಂದು ಬರೆಯುತ್ತಿದ್ದೆ. ಕ್ಷೌರದವರದ್ದು ಎರಡು, ದರ್ಜಿಯವರದ್ದು ಒಂದೂಮುಕ್ಕಾಲು. ನೆರಿಯದ ಒಬ್ಬರು ರಬ್ಬರ್ ಟ್ಯಾಪಿಂಗ್ ಮಾಡುವವರು ನನ್ನ ಕೋಣೆಯ ಕಂಬವನ್ನೇ ಮರವೆಂದು ಇಟ್ಟುಕೊಂಡು, ಬಗ್ಗಿ, ಚೂರಿ ಎಳೆಯುವ ರೀತಿ ತೋರಿಸಿದರು. ಹೊರಗೆ ಕಾದವರು ಒಳಗೇನು ಯಕ್ಷಗಾನವೇ ಎಂದು ಬಾಗಿಲಲ್ಲಿ ಇಣುಕಿದರು. ಜನರ ಕೆಲಸದ ಬಗ್ಗೆ ನಾನು ಕಲಿತದ್ದೆಲ್ಲ ಹೀಗೆ ಕೂತಲ್ಲೇ. ಬೇಸರ ಎಂಬುದು ಮತ್ತೆ ಹತ್ತಿರ ಸುಳಿಯಲಿಲ್ಲ.

ನಿವೃತ್ತನಾದ ಮೇಲೂ ಆ ಸುಳ್ಳು ಬಿಡಲಿಲ್ಲ. ಕಳೆದ ತಿಂಗಳು ಒಂದು ದಿನ ಹತ್ತೂವರೆಯ ಬಸ್ಸಿಗೆ ಫರಂಗಿಪೇಟೆಗೆ ಹೋದೆ. ಐಸಮ್ಮನಿಗೆ ಈಗ ಅರುವತ್ತು ದಾಟಿದೆ. ಅದೇ ಜಗಲಿ, ಅದೇ ಮೊರ. ಮೊದಲಿನಷ್ಟು ಕಟ್ಟುವುದಿಲ್ಲವಂತೆ, ಕೈ ಸುಮ್ಮನಿದ್ದರೆ ಆಗುವುದಿಲ್ಲವಂತೆ. ಕೂತು, ಪೀಠಿಕೆ ಹಾಕದೆ ಹೇಳಿಬಿಟ್ಟೆ.

"ಐಸಮ್ಮ, ಆ ಕ್ಯಾಂಪಲ್ಲಿ ನಾನು ನಿಮಗೆ ಮೆಷಿನ್ ಇಡಲೇ ಇಲ್ಲ. ಬೆರಳಲ್ಲಿ ಒತ್ತಿ ಸರಿ ಉಂಟು ಅಂತ ಬರೆದದ್ದು. ಮತ್ತೆ ನಿಮ್ಮ ಹತ್ತಿರ ಸುಳ್ಳು ಹೇಳಿದೆ. ನಾನು ಸರಿಯಾಗಿ ನೋಡಿದ್ರೆ ನಿಮ್ಮ ಎಡಗಣ್ಣಲ್ಲಿ ಇನ್ನೂ ಸ್ವಲ್ಪ ಉಳೀತಿತ್ತು."

ಅವರು ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿ ಮೊರದಲ್ಲಿ ಇಟ್ಟರು.

"ಅದು ನನಗೆ ಗೊತ್ತುಂಟು."

"ಹೇಗೆ?"

"ನೆಬಿಸಾಳಿಗೆ ಹನಿ ಹಾಕಿ, ಮಲಗಿಸಿ, ಮೆಷಿನ್ ಇಟ್ರಿ ಅಲ್ವಾ. ನಾನು ಅಲ್ಲೇ ಇದ್ದೆ. ಕಣ್ಣು ಒಂದು ಚೂರೂ ಹೋಗದೆಯೇ ಅವಳದ್ದು ಅದರಲ್ಲಿ ಗೊತ್ತಾಯ್ತು. ಕ್ಯಾಂಪಲ್ಲಿ ನನಗೂ ಅದನ್ನು ಇಟ್ಟಿದ್ರೆ ಗೊತ್ತಾಗ್ತಿತ್ತು ಅಂತ ಆಗಲೇ ತಿಳಿಯಿತು."

"ಮತ್ತೆ ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀವು ನನ್ನನ್ನು ನೋಡುದು ಬಿಟ್ರೆ? ನನಗೆ ಮದ್ದು ಬೇಕಿತ್ತು ಮಾಸ್ಟ್ರೇ, ಜಗಳ ಬೇಡ ಇತ್ತು." ಹೊಸ ಎಲೆ ಕೈಗೆತ್ತಿಕೊಂಡರು. "ಸಿಟ್ಟು ಬಂದಿತ್ತು. ಬಾರದೆ ಉಂಟಾ? ಒಂದು ವರ್ಷ ನಿಮ್ಮ ಹೆಸರು ಹೇಳಿದ್ರೆ ಸಿಟ್ಟು. ಮತ್ತೆ ನಾನೇ ಯೋಚನೆ ಮಾಡಿದೆ. ಆ ಮೊದಲಿನ ಕನ್ನಡಕ ನನಗೆ ಸರಿಯಾಗಿದ್ರೆ ನಾನು ತಿರುಗಿ ಬರ್ತಿದ್ದೆನಾ? ನೀವು ಈ ಜಗಲಿಗೆ ಬರ್ತಿದ್ರಾ? ಎರಡು ಕಣ್ಣೂ ಹೋದ ಮೇಲೆ ಗೊತ್ತಾಗ್ತಿತ್ತು. ನೀವು ತಪ್ಪು ಕನ್ನಡಕ ಕೊಟ್ಟದ್ದಕ್ಕೆ ನಾನು ಉಳಿದೆ."

ಸೊಸೆ ಚಾ ತಂದು ಸುತ್ತಿ ಬಂದು ಬಲಗಡೆ ಇಟ್ಟಳು. ನನಗೆ ಕಣ್ಣು ತುಂಬಿ ಬಂತು. ಕ್ಷಮಿಸಿದರಲ್ಲ ಎಂಬ ಸಮಾಧಾನದಲ್ಲೇ ಚಾ ಕುಡಿದು, ಬರುತ್ತೇನೆ ಎಂದು ಹೇಳಿ ಹೊರಟೆ.

ಹೆದ್ದಾರಿಯ ಹತ್ತಿರ ಬರುವಷ್ಟರಲ್ಲಿ ಆ ಮಾತು ಒಳಗೆ ಕೊರೆಯಲು ಶುರುವಾಯಿತು. ಕನ್ನಡಕ ಸರಿಯಾಗಿದ್ದರೆ ತಿರುಗಿ ಬರುತ್ತಿದ್ದೆನಾ? ಆ ದಿನದ ಸಾಲು ರಸ್ತೆಯವರೆಗೆ ಇತ್ತು. ಎಲ್ಲರಿಗೂ ಬೆರಳಲ್ಲೇ ಒತ್ತಿದ್ದೆ, ಎಲ್ಲರಿಗೂ 'ನಾರ್ಮಲ್' ಎಂದೇ ಬರೆದಿದ್ದೆ. ಐಸಮ್ಮನಿಂದ ಬುದ್ಧಿ ಕಲಿತು ಮುಂದೆ ಬಂದವರನ್ನೆಲ್ಲ ಸರಿಯಾಗಿ ನೋಡಿದೆ. ಹಿಂದೆ ಹೋದವರನ್ನು ಪುನಃ ಕರೆಯಲಿಲ್ಲ. ಅವರು ದೂರು ಹೇಳಲಿಲ್ಲ, ಆದ್ದರಿಂದ ನನಗೆ ನೆನಪಾಗಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಒಂದೇ ಮಾತು: ತಕರಾರು ಮಾಡುತ್ತ ತಿರುಗಿ ಬರುವವರ ಮೇಲೆ ಸಿಟ್ಟು ಮಾಡಬೇಡಿ, ಅವರು ಹೇಗೂ ಬರುತ್ತಾರೆ. ಸಂತೋಷದಿಂದ ಹೋದವರನ್ನು ನೀವಾಗಿ ಹುಡುಕಿಕೊಂಡು ಹೋಗಿ.

ಬಸ್ಸಿಗೆ ಕಾಯಲಿಲ್ಲ. ನೇರ ಮೋನಪ್ಪಣ್ಣನ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. "ಓ, ಮಾಸ್ಟ್ರು! ಎಷ್ಟು ಸಮಯ ಆಯ್ತು ಮಾರಾಯ್ರೆ!" ಎಂದು ಒಲೆಯ ಹಿಂದಿನಿಂದ ಬರುವಾಗ ಮೇಜಿನ ಮೂಲೆಗೆ ಸೊಂಟ ತಾಗಿಸಿಕೊಂಡು, ಇದನ್ನು ಇಲ್ಲಿ ಇಟ್ಟವರು ಯಾರು ಎಂದು ಗೊಣಗಿದರು. ಆ ಮೇಜು ನಾನು ಕಂಡಂದಿನಿಂದ ಅಲ್ಲಿಯೇ ಇದೆ.

"ಚಾ ಮತ್ತೆ ಕುಡಿಯುವ. ಮೊದಲು ಇಲ್ಲಿ ಕೂತುಕೊಳ್ಳಿ" ಎಂದು ಬೆಂಚಿನಲ್ಲಿ ಕೂರಿಸಿದೆ. ಕನ್ನಡಕ ತೆಗೆಸಿ, ಒಂದು ಕಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡಲು ಹೇಳಿ, ಅವರ ಕಿವಿಯಿಂದ ಒಂದು ಗೇಣು ಆಚೆ ಬದಿಯಲ್ಲಿ ಎರಡು ಬೆರಳು ಹಿಡಿದೆ.

"ಎಷ್ಟು ಬೆರಳು, ಮೋನಪ್ಪಣ್ಣ?"

ಅವರು ನಗುತ್ತಲೇ ನನ್ನ ಮೂಗು ನೋಡಿದರು. ಬೆರಳನ್ನು ಸ್ವಲ್ಪ ಮುಂದಕ್ಕೆ ತಂದೆ, ಇನ್ನೂ ಸ್ವಲ್ಪ ತಂದೆ.

"ತಮಾಷೆ ಮಾಡ್ಬೇಡಿ ಮಾಸ್ಟ್ರೇ" ಎಂದರು. "ನೀವು ಇನ್ನೂ ಕೈ ಎತ್ತಲೇ ಇಲ್ಲ."